ಅಕ್ಷಯ ಭಂಡಾರ ಮತ್ತು ಒಡಂಬಡಿಕೆ: ಶ್ರವಣಬೆಳಗೊಳದ ದತ್ತಿಗಳ ನಿರ್ವಹಣೆ

ಶ್ರವಣಬೆಳಗೊಳದ ಶಾಸನಗಳು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಬಹುಮಟ್ಟಿಗೆ ಕಾವ್ಯದ ಮೂಲಕವೇ ಪರಿಚಿತವಾಗಿವೆ. ಸಲ್ಲೇಖನ ವ್ರತದಿಂದ ಮುಡಿಪಿದ ಮುನಿಗಳ ನಿಸಿದಿಗಳು, ಬೊಪ್ಪಣ ಪಂಡಿತನ ಗೊಮ್ಮಟಸ್ತುತಿ, ಹೊಯ್ಸಳ ದಂಡನಾಯಕರ ಪ್ರಶಸ್ತಿಗಳು ಪಠ್ಯಗಳಲ್ಲಿಯೂ ಸಂಶೋಧನೆಗಳಲ್ಲಿಯೂ ಮತ್ತೆ ಮತ್ತೆ ಚರ್ಚೆಗೆ ಬಂದಿವೆ. ಬಿ. ಎಲ್. ರೈಸ್ ಅವರು 1889ರಲ್ಲಿ ಇಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ ಅವರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಆ ಸಂಖ್ಯೆ 500ಕ್ಕೆ ಏರಿತು. 1973ರ ಆವೃತ್ತಿಯಲ್ಲಿ 573 ಆಯಿತು. ಈ ರಾಶಿಯಲ್ಲಿ ಕಾವ್ಯವೂ ಅಲ್ಲದ, ಪ್ರಶಸ್ತಿಯೂ ಅಲ್ಲದ ಬರಹಗಳು ಬಹಳಷ್ಟಿವೆ. ಅವು ಲೆಕ್ಕದ ಬರಹಗಳು. ಯಾರು ಎಷ್ಟು ಹಣ ಕೊಟ್ಟರು, ಅದನ್ನು ಯಾರ ವಶಕ್ಕೆ ಕೊಟ್ಟರು, ಅದರಿಂದ ಬಂದ ಆದಾಯ ಯಾವುದಕ್ಕೆ ಸಲ್ಲಬೇಕು, ತಪ್ಪಿದವನಿಗೆ ಏನು ಶಿಕ್ಷೆ ಎಂಬುದಷ್ಟೇ ಅವುಗಳ ವಸ್ತು. ಅಲಂಕಾರವಿಲ್ಲದ ಈ ಬರಹಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಓದಿದಾಗ, ಒಂದು ಊರಿನ ಸಮುದಾಯವು ತನ್ನ ಸಾರ್ವಜನಿಕ ನಿಧಿಯನ್ನು ಹಲವು ಶತಮಾನಗಳ ಕಾಲ ಹೇಗೆ ಕಾಪಾಡಿಕೊಂಡಿತು, ಎಲ್ಲಿ ಸೋತಿತು, ಸೋತ ಮೇಲೆ ಹೇಗೆ ಚೇತರಿಸಿಕೊಂಡಿತು ಎಂಬ ಇತಿಹಾಸ ತೆರೆದುಕೊಳ್ಳುತ್ತದೆ.

ಹಲವರ ಕೊಡುಗೆಯನ್ನು ಒಂದೆಡೆ ಕೂಡಿಸುವುದು, ಮೊದಲನ್ನು ಮುಟ್ಟದೆ ಹುಟ್ಟುವಳಿಯನ್ನು ಮಾತ್ರ ಖರ್ಚು ಮಾಡುವುದು, ಆ ಖರ್ಚು ಸ್ಥಳೀಯರಿಗೆ ಉಪಯೋಗವಾಗುವಂತೆ ನೋಡಿಕೊಳ್ಳುವುದು ಇಂದಿನ ‘ಸಮುದಾಯ ಪ್ರತಿಷ್ಠಾನ’ಗಳ ಲಕ್ಷಣವೆಂದು ಹೇಳಲಾಗುತ್ತದೆ. ಅಂತಹ ಮೊದಲ ಸಂಸ್ಥೆಯನ್ನು 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕರ್ ಸ್ಥಾಪಿಸಿದನು. ಬೆಳಗೊಳದ ದತ್ತಿಗಳು ಆ ಬಗೆಯ ಸಂಸ್ಥೆಗಳಲ್ಲ. ಅವುಗಳ ಕೇಂದ್ರದಲ್ಲಿ ಇರುವುದು ದೇವರ ಪೂಜೆ ಮತ್ತು ಮುನಿಗಳ ಆಹಾರದಾನ. ಆದರೂ ನಿಧಿಯ ನಿರ್ವಹಣೆಯಲ್ಲಿ ಎದುರಾಗುವ ಪ್ರಶ್ನೆಗಳು ಎರಡು ಕಡೆಯೂ ಒಂದೇ. ದಾನಿ ಸತ್ತ ಮೇಲೆ ದಾನವನ್ನು ಕಾಯುವವರು ಯಾರು? ಕಾಯುವವರನ್ನು ಕಾಯುವವರು ಯಾರು?

ದತ್ತಿಯ ಮೂರು ದಾರಿಗಳು

ಬೆಳಗೊಳದ ನಿಧಿಗೆ ಸಂಪತ್ತು ಹರಿದು ಬಂದ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಭೂಮಿ ಮತ್ತು ಗ್ರಾಮಗಳ ದಾನ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1118ರ ಸುಮಾರಿಗೆ ತನ್ನ ವಿಜಯಕ್ಕೆ ಮೆಚ್ಚುಗೆಯಾಗಿ ಅರಸನಿಂದ ಪಡೆದ ಪರಮ ಗ್ರಾಮವನ್ನು, ತಾಯಿ ಪೋಚಲದೇವಿಯೂ ಮಡದಿ ಲಕ್ಷ್ಮೀದೇವಿಯೂ ಕಟ್ಟಿಸಿದ ಬಸದಿಗಳಿಗೆ ಬಿಟ್ಟುಕೊಟ್ಟನು. ಶಾಂತಲದೇವಿಯು 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಮೊಟ್ಟೆನವಿಲೆಯನ್ನು ದತ್ತಿಯಾಗಿತ್ತಳು. ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು ಕಟ್ಟಿಸಿದ ಚತುರ್ವಿಂಶತಿ ಜಿನಾಲಯಕ್ಕೆ, ಅಂದರೆ ಇಂದಿನ ಭಂಡಾರಿ ಬಸದಿಗೆ, ಅರಸನು 1159ರಲ್ಲಿ ‘ಭವ್ಯಚೂಡಾಮಣಿ’ ಎಂಬ ಹೆಸರನ್ನೂ ಸವಣೇರು ಗ್ರಾಮವನ್ನೂ ಕೊಟ್ಟನು. ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯು ಶಿವಭಕ್ತ ಬ್ರಾಹ್ಮಣ. ಅವನ ಮಡದಿ ಆಚಿಯಕ್ಕ ಜಿನಭಕ್ತೆ. 1181ರಲ್ಲಿ ಆಕೆ ಕಟ್ಟಿಸಿದ ಅಕ್ಕನ ಬಸದಿಗೆ ಗಂಡನ ಕೋರಿಕೆಯ ಮೇರೆಗೆ ಅರಸನು ಬಮ್ಮೆಯನಹಳ್ಳಿಯನ್ನು ದತ್ತಿಯಾಗಿ ಬಿಟ್ಟನು.

ಇಂತಹ ದಾನಗಳ ಉದ್ದೇಶವನ್ನು ಶಾಸನಗಳು ಹೆಚ್ಚುಕಡಿಮೆ ಒಂದೇ ಪರಿಭಾಷೆಯಲ್ಲಿ ಹೇಳುತ್ತವೆ: ದೇವರ ಅಷ್ಟವಿಧಾರ್ಚನೆ, ಋಷಿಯರ ಆಹಾರದಾನ, ಖಂಡಸ್ಫುಟಿತ ಜೀರ್ಣೋದ್ಧಾರ. ಮೂರನೆಯದು ವಿಶೇಷವಾಗಿ ಗಮನಾರ್ಹ. ಒಡೆದದ್ದನ್ನೂ ಸೀಳಿದ್ದನ್ನೂ ಸರಿಪಡಿಸುವ ವೆಚ್ಚವನ್ನು ಕಟ್ಟಡ ಹೊಸದಾಗಿರುವಾಗಲೇ ಲೆಕ್ಕಕ್ಕೆ ಹಿಡಿಯುವುದು ದೂರದೃಷ್ಟಿಯ ಮಾತು. ಕಟ್ಟಿಸುವವನ ಹೆಸರು ಕಟ್ಟಡದ ಜೊತೆಗೆ ಉಳಿಯುತ್ತದೆ. ದುರಸ್ತಿ ಮಾಡುವವನ ಹೆಸರು ಉಳಿಯುವುದು ವಿರಳ. ಆದ್ದರಿಂದಲೇ ದುರಸ್ತಿಗೆ ಹಣ ಹುಟ್ಟುವುದು ಕಷ್ಟ ಎಂಬ ಅರಿವು ಈ ಸೂತ್ರದ ಹಿಂದಿದೆ.

ಎರಡನೆಯ ದಾರಿ ನಗದಿನ ಠೇವಣಿ. ಇದಕ್ಕೆ ಶಾಸನಗಳು ಬಳಸುವ ಹೆಸರು ‘ಅಕ್ಷಯ ಭಂಡಾರ’. 13ನೆಯ ಶತಮಾನದ ಉತ್ತರಾರ್ಧದ ಹಲವು ಕಿರುಶಾಸನಗಳು ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗಾಗಿ ಭಕ್ತರು ಇಟ್ಟ ಗದ್ಯಾಣಗಳನ್ನು ದಾಖಲಿಸುತ್ತವೆ. ಕೊಟ್ಟವರು ಅರಸರಲ್ಲ, ಸಾಮಾನ್ಯ ಸೆಟ್ಟಿಗಳು. ಕೊಟ್ಟದ್ದು ಗ್ರಾಮವಲ್ಲ, ಕೆಲವೇ ಗದ್ಯಾಣಗಳು. ಹೊನ್ನಿಗೆ ತಿಂಗಳಿಗೆ ಇಷ್ಟು ಹಾಗ ಬಡ್ಡಿ, ಆ ಬಡ್ಡಿಯಿಂದ ದಿನಕ್ಕೆ ಇಷ್ಟು ಅಳತೆಯ ಹಾಲು ಎಂಬುದು ಅಲ್ಲಿಯ ಒಕ್ಕಣೆ. ಹತ್ತು ಹಣಕ್ಕೆ ಒಂದು ಗದ್ಯಾಣ, ಹಣದ ಕಾಲುಭಾಗ ಹಾಗ ಎಂಬ ಅಂದಿನ ನಾಣ್ಯಪದ್ಧತಿಯನ್ನು ನೆನೆದರೆ, ಎಷ್ಟು ಸಣ್ಣ ಮೊತ್ತಗಳನ್ನು ಈ ಶಾಸನಗಳು ಕಲ್ಲಿನ ಮೇಲೆ ನಿಲ್ಲಿಸಿವೆ ಎಂಬುದು ತಿಳಿಯುತ್ತದೆ. ದೊಡ್ಡ ದಾನಿಗೂ ಸಣ್ಣ ದಾನಿಗೂ ಕಲ್ಲಿನಲ್ಲಿ ಒಂದೇ ಬಗೆಯ ‘ಆಚಂದ್ರಾರ್ಕ’ ದೊರೆಯುತ್ತದೆ.

ಮೂರನೆಯ ದಾರಿ ವಾರ್ಷಿಕ ವಂತಿಗೆ. ಮೊಸಳೆಯ ಬಸವಿಸೆಟ್ಟಿಯು ಗೊಮ್ಮಟನ ಸುತ್ತಾಲಯದಲ್ಲಿ ಚತುರ್ವಿಂಶತಿ ತೀರ್ಥಂಕರರ ಬಿಂಬಗಳನ್ನು ಪ್ರತಿಷ್ಠಾಪಿಸಿದನು. ಅವುಗಳ ಅಷ್ಟವಿಧಾರ್ಚನೆಗೆ ಮೊಸಳೆಯ ವರ್ತಕರು ವರ್ಷಂಪ್ರತಿ ಇಂತಿಷ್ಟು ಕೊಡುವುದಾಗಿ ಒಪ್ಪಿ ತಮ್ಮ ತಮ್ಮ ಹೆಸರುಗಳನ್ನು ಬರೆಸಿದರು. ಹಾಗೆಯೇ ಬೆಳಗೊಳದ ವರ್ತಕರು ಗಂಗಸಮುದ್ರದಲ್ಲಿ ಭೂಮಿಯನ್ನು ಕೊಂಡು, ದೇವರಿಗೆ ನಿತ್ಯವೂ ಹೂವನ್ನು ಒದಗಿಸುವ ಮಾಲೆಗಾರನಿಗೆ ಬಿಟ್ಟುಕೊಟ್ಟರು. ಇಲ್ಲಿ ಸೇವೆ ಮತ್ತು ಜೀವನೋಪಾಯ ಒಂದೇ ಕಟ್ಟಿನಲ್ಲಿ ಸೇರಿಕೊಂಡಿವೆ: ದೇವರಿಗೆ ಹೂವು ಸಲ್ಲುತ್ತದೆ, ಮಾಲೆಗಾರನ ಮನೆಗೆ ಅನ್ನ ಸಲ್ಲುತ್ತದೆ.

ನಖರದ ಹೊಣೆ

ಈ ಎಲ್ಲ ನಿಧಿಗಳ ನಿರ್ವಹಣೆಯಲ್ಲಿ ಮುಖ್ಯ ಪಾತ್ರ ವಹಿಸಿದ್ದು ‘ನಖರ’. ಊರಿನ ವರ್ತಕರ ಸಂಘಕ್ಕೆ ಶಾಸನಗಳಲ್ಲಿ ನಖರ ಅಥವಾ ನಕರ ಎಂಬ ಹೆಸರು. ಬೆಳಗೊಳದ ರತ್ನವ್ಯಾಪಾರಿಗಳ ಸಂಘವು ‘ಮಾಣಿಕ್ಯ ನಖರ’ವೆಂದು ಪ್ರಸಿದ್ಧವಾಗಿತ್ತು. ನಯಕೀರ್ತಿ ಸಿದ್ಧಾಂತ ಚಕ್ರವರ್ತಿಯ ಶಿಷ್ಯನೂ ಇಮ್ಮಡಿ ಬಲ್ಲಾಳನ ಪಟ್ಟಣಸ್ವಾಮಿಯೂ ಆಗಿದ್ದ ನಾಗದೇವನು 12ನೆಯ ಶತಮಾನದ ಕೊನೆಯಲ್ಲಿ ಊರಿನಲ್ಲಿ ಒಂದು ಬಸದಿಯನ್ನು ಕಟ್ಟಿಸಿದನು. ಅದರ ಪಾಲನೆ ನಖರದ ಹೊಣೆಯಾದುದರಿಂದ ಅದಕ್ಕೆ ನಗರ ಜಿನಾಲಯವೆಂಬ ಹೆಸರೇ ನಿಂತಿತು. ಕಟ್ಟಿಸಿದವನ ಹೆಸರಿಗಿಂತ ಕಾಪಾಡಿದವರ ಹೆಸರು ಉಳಿದ ಅಪರೂಪದ ಉದಾಹರಣೆ ಇದು.

ಈ ಬಸದಿಗೆ ಸಂಬಂಧಿಸಿದ 13ನೆಯ ಶತಮಾನದ ಎರಡು ಬರಹಗಳು ನಿಧಿನಿರ್ವಹಣೆಯ ದೃಷ್ಟಿಯಿಂದ ಅತ್ಯಂತ ಮಹತ್ವದವು. ಒಂದರಲ್ಲಿ ಬೆಳಗೊಳ ಮತ್ತು ಜಿನನಾಥಪುರಗಳ ಸಮಸ್ತ ಮಾಣಿಕ್ಯ ನಖರದವರು ತಮ್ಮೊಳಗೆ ಒಡಂಬಟ್ಟು, ಆದಿದೇವರ ಜೀರ್ಣೋದ್ಧಾರ ಮತ್ತು ಉಪಕರಣಗಳ ವೆಚ್ಚಕ್ಕಾಗಿ, ಸ್ವದೇಶಿಗಳಿಂದಾಗಲಿ ಪರದೇಶಿಗಳಿಂದಾಗಲಿ ತಮಗೆ ಬರುವ ಆದಾಯದಲ್ಲಿ ನೂರು ಗದ್ಯಾಣಕ್ಕೆ ಒಂದು ಗದ್ಯಾಣವನ್ನು ಕೊಡುವುದಾಗಿ ಬರೆಸಿದ್ದಾರೆ. ಇದನ್ನು ಯಾವ ಅರಸನೂ ಹೇರಿಲ್ಲ. ವರ್ತಕರು ತಾವೇ ತಮ್ಮ ಮೇಲೆ ಹಾಕಿಕೊಂಡ ಶೇಕಡ ಒಂದರ ತೆರಿಗೆ ಇದು. ಈ ಬರಹದಲ್ಲಿ ‘ಗುಪ್ತ’ ಎಂಬ ಒಂದು ಪದ ಬರುತ್ತದೆ. ಆದಾಯವನ್ನು ಗುಪ್ತ ಮಾಡಿದವನು, ಅಂದರೆ ಬಚ್ಚಿಟ್ಟವನು, ದೇವದ್ರೋಹಿ, ರಾಜದ್ರೋಹಿ, ಸಮಯದ್ರೋಹಿ ಎನಿಸುತ್ತಾನೆ. ಅವನ ಸಂತಾನ ನಿಸ್ಸಂತಾನವಾಗುತ್ತದೆ. ಕೊಡದಿರುವುದಕ್ಕಿಂತ ಲೆಕ್ಕ ಮರೆಮಾಚುವುದನ್ನೇ ಅಪರಾಧವೆಂದು ಹೆಸರಿಸಿರುವುದು ವ್ಯಾಪಾರ ಬಲ್ಲವರ ಎಚ್ಚರವನ್ನು ತೋರಿಸುತ್ತದೆ. ಶೇಕಡಾವಾರಿನ ವಂತಿಗೆಗೆ ಇರುವ ಮುಖ್ಯ ಅಪಾಯ ಅದೇ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಇನ್ನೊಂದು ಬರಹ ಬಸದಿಯ ಪೂಜಾಕಾರಿಗಳು ನಖರಕ್ಕೆ ಬರೆದುಕೊಟ್ಟದ್ದು. ದೇವದಾನದ ಗದ್ದೆ ಬೆದ್ದಲುಗಳ ಬೆಳೆಯಿಂದ, ನಖರದವರು ನಿಗದಿ ಮಾಡಿಕೊಟ್ಟ ಪಡಿಯನ್ನು ಕುಂದದಂತೆ ನಡೆಸುವುದಾಗಿ ಅವರು ಒಪ್ಪಿಕೊಳ್ಳುತ್ತಾರೆ. ಆ ಭೂಮಿಯನ್ನು ತಮ್ಮ ವಂಶದಲ್ಲಿ ಮಕ್ಕಳು ಮೊಮ್ಮಕ್ಕಳಾದಿಯಾಗಿ ಯಾರೇ ‘ಆಧಿ’ ಅಥವಾ ‘ಕ್ರಯ’ ಮಾಡಿದರೂ, ಎಂದರೆ ಅಡವಿಟ್ಟರೂ ಮಾರಿದರೂ, ಅವರು ರಾಜದ್ರೋಹಿಗಳೂ ಸಮಯದ್ರೋಹಿಗಳೂ ಆಗುವರೆಂದು ತಾವೇ ಬರೆಸುತ್ತಾರೆ.

ಈ ಎರಡನ್ನೂ ಒಟ್ಟಿಗೆ ನೋಡಿದರೆ ವ್ಯವಸ್ಥೆಯ ಚೌಕಟ್ಟು ಸ್ಪಷ್ಟವಾಗುತ್ತದೆ. ಹಣ ಕೊಡುವವನು ಒಬ್ಬ, ಪಡಿಯನ್ನು ನಿಗದಿ ಮಾಡುವ ನಖರ ಇನ್ನೊಂದು, ಅದನ್ನು ನಡೆಸುವ ಪೂಜಾಕಾರಿ ಮತ್ತೊಬ್ಬ. ಇವರೆಲ್ಲರ ಮೇಲೆ ಸಾಕ್ಷಿಯಾಗಿ ಗುರುಪರಂಪರೆ ಮತ್ತು ಅರಸೊತ್ತಿಗೆ. ಒಂದೇ ಕೈಯಲ್ಲಿ ಎಲ್ಲ ಅಧಿಕಾರವೂ ನೆಲೆಗೊಳ್ಳದಂತೆ ಇಲ್ಲಿ ಎಚ್ಚರ ವಹಿಸಲಾಗಿದೆ. ಹೊಣೆ ಹೊತ್ತವರಿಂದಲೇ ಒಪ್ಪಿಗೆಯನ್ನು ಬರೆಸಿಕೊಂಡು, ಎಲ್ಲರೂ ಓದಬಹುದಾದ ಸ್ಥಳದಲ್ಲಿ ಅದನ್ನು ಕಲ್ಲಿನಲ್ಲಿ ನಿಲ್ಲಿಸಿರುವುದು ಇದರ ಇನ್ನೊಂದು ಮುಖ.

ಮನೆಗೊಂದು ಹಣ: 1368ರ ಶಾಸನ

ವಿಜಯನಗರದ ಬುಕ್ಕರಾಯನ 1368ರ ಶಾಸನವನ್ನು ಮತಸಾಮರಸ್ಯದ ದಾಖಲೆಯಾಗಿ ಎಲ್ಲರೂ ಬಲ್ಲರು. ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳೂ ಕಲಶವೂ ಜೈನದರ್ಶನಕ್ಕೆ ಹಿಂದಿನಂತೆ ಸಲ್ಲಬೇಕೆಂದು ಕಟ್ಟಳೆ ಮಾಡಿದನು. ಆದರೆ ಶಾಸನ ಇಲ್ಲಿಗೆ ಮುಗಿಯುವುದಿಲ್ಲ. ಮಾತಿನ ತೀರ್ಪಿನ ಬೆನ್ನಿಗೇ ಒಂದು ಹಣಕಾಸಿನ ಏರ್ಪಾಡು ಇದೆ.

ರಾಜ್ಯದಲ್ಲಿರುವ ಜೈನರು ಮನೆಮನೆಗೆ ವರ್ಷಕ್ಕೆ ಒಂದು ಹಣವನ್ನು ಕೊಡಬೇಕು. ಅವರ ಒಪ್ಪಿಗೆಯಿಂದ ಅದನ್ನು ಸಂಗ್ರಹಿಸುವವನು ತಿರುಮಲೆಯ ತಾತಯ್ಯ. ಆ ಹೊನ್ನಿನಿಂದ ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ಸೊದೆ, ಅಂದರೆ ಸುಣ್ಣದ ಗಾರೆ, ಹಾಕಿಸಬೇಕು. ಇದು ಸಣ್ಣದಾದರೂ ಸಂಪೂರ್ಣವಾದ ಆಯವ್ಯಯ ಪತ್ರ. ಆದಾಯದ ಮೂಲ ಯಾವುದು, ಸಂಗ್ರಹಿಸುವವರು ಯಾರು, ಮೊದಲು ಸಲ್ಲಬೇಕಾದ ಖಾಯಂ ಖರ್ಚು ಯಾವುದು, ಉಳಿಕೆ ಯಾವುದಕ್ಕೆ ಹೋಗಬೇಕು ಎಂಬ ನಾಲ್ಕು ವಿಷಯಗಳಿಗೂ ಉತ್ತರವಿದೆ.

ಸಂಗ್ರಹದ ಹೊಣೆಯನ್ನು ಜೈನನಿಗೆ ಕೊಡದೆ ವೈಷ್ಣವ ಮುಖಂಡನಿಗೆ ಕೊಟ್ಟಿರುವುದರ ಅರ್ಥವನ್ನು ವಿವೇಚಿಸಬೇಕು. ಹಾನಿಯ ಭಯ ಇದ್ದುದು ಯಾವ ಕಡೆಯಿಂದಲೋ ಆ ಕಡೆಯವನನ್ನೇ ನಿಧಿಯ ಕಾವಲಿಗೆ ನಿಲ್ಲಿಸಿದರೆ ಸಾಮರಸ್ಯವೆಂಬುದು ಪ್ರತಿವರ್ಷ ಲೆಕ್ಕ ಒಪ್ಪಿಸಬೇಕಾದ ಕೆಲಸವಾಗುತ್ತದೆ. ಜೈನರ ‘ಒಡಂಬಡಿಕೆಯಿಂದ’ ಎಂಬ ಷರತ್ತು ಅದಕ್ಕೆ ಇನ್ನೊಂದು ಬದಿಯ ಬಿಗಿ. ಶಾಸನದ ಕೊನೆಯಲ್ಲಿ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಅರಸನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಸಿ ಜೀರ್ಣೋದ್ಧಾರ ಮಾಡಿಸಿದನೆಂದೂ, ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಹೇಳಿದೆ. ಕಟ್ಟಳೆ ಬರೆದರೆ ಸಾಲದು, ಅದರ ಬೆನ್ನು ಹತ್ತಿ ನಡೆಸುವ ಒಬ್ಬ ವ್ಯಕ್ತಿ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಈ ಏರ್ಪಾಡಿನ ಮಿತಿಯನ್ನೂ ಗುರುತಿಸಬೇಕು. ಮನೆಗೆ ಒಂದು ಹಣವೆಂಬ ಅಳತೆ ಸಿರಿವಂತ ಸೆಟ್ಟಿಗೂ ಬಡ ಒಕ್ಕಲಿಗೂ ಒಂದೇ. ನಗರ ಜಿನಾಲಯದ ವರ್ತಕರು ಆದಾಯಕ್ಕೆ ತಕ್ಕಂತೆ ಕೊಡಲು ಒಪ್ಪಿದ್ದ ಕ್ರಮಕ್ಕಿಂತ ಇದು ಸರಳ, ಆದರೆ ಅಷ್ಟು ನ್ಯಾಯವಾದುದಲ್ಲ.

ಅಡವು ಬಿದ್ದ ಅಕ್ಷಯ: 1634

13ನೆಯ ಶತಮಾನದ ಪೂಜಾಕಾರಿಗಳು ಯಾವುದನ್ನು ಮಾಡುವುದಿಲ್ಲವೆಂದು ಕಲ್ಲಿನಲ್ಲಿ ಬರೆಸಿದ್ದರೋ ಬೆಳಗೊಳದಲ್ಲಿ ಅದೇ ಮುಂದೆ ನಡೆಯಿತು. ವಿಜಯನಗರದ ಪ್ರಭುತ್ವ ಕುಸಿದು, ಸ್ಥಳೀಯ ಪಾಳೆಯಗಾರರ ಹೋರಾಟದಲ್ಲಿ ನಾಡು ಕದಡಿದ ಕಾಲ ಅದು. ಚನ್ನಪಟ್ಟಣದ ಜಗದೇವರಾಯನ ಉಪಟಳದಿಂದ ಚಾರುಕೀರ್ತಿ ಪಂಡಿತರು ಬೆಳಗೊಳವನ್ನು ಬಿಟ್ಟು ಗೇರುಸೊಪ್ಪೆಯ ಕಡೆಗೆ ಹೋಗಬೇಕಾಯಿತೆಂದು ಚಿದಾನಂದ ಕವಿಯ ‘ಮುನಿವಂಶಾಭ್ಯುದಯ’ ತಿಳಿಸುತ್ತದೆ. ಇತ್ತ ಸ್ಥಾನಿಕರು ಗೊಮ್ಮಟನಾಥನ ಪೂಜೆಗೆಂದು ಬಿಟ್ಟಿದ್ದ ಭೂಮಿಗಳನ್ನು ವರ್ತಕರಲ್ಲಿ ಅಡವಿಟ್ಟಿದ್ದರು. ಅಡವು ಹಿಡಿದವರು ಬಹುಕಾಲ ಆ ಭೂಮಿಗಳನ್ನು ಅನುಭವಿಸುತ್ತ ಬಂದರು. ದೇವರ ಪೂಜೆ ನಿಂತುಹೋಯಿತು. ಶಾಪವಾಕ್ಯಗಳು ಕಲ್ಲಿನ ಮೇಲೆ ಹಾಗೆಯೇ ಇದ್ದವು. ಅವುಗಳನ್ನು ಓದಿ ಪ್ರಶ್ನಿಸಬೇಕಾದ ನಖರವಾಗಲಿ ಗುರುಪೀಠವಾಗಲಿ ಅರಸನಾಗಲಿ ಆ ಸ್ಥಾನದಲ್ಲಿ ಇರಲಿಲ್ಲ.

ಮೈಸೂರಿನ ಚಾಮರಾಜ ಒಡೆಯರು ಈ ಸಂಗತಿಯನ್ನು ವಿಚಾರಿಸಿ ಅಡವು ಹಿಡಿದ ವರ್ತಕರನ್ನು ಕರೆಸಿದರು. ಶಕವರ್ಷ 1556ರ, ಅಂದರೆ ಕ್ರಿ. ಶ. 1634ರ, ಶಿಲಾಶಾಸನವೂ ಮಠದಲ್ಲಿರುವ ತಾಮ್ರಶಾಸನವೂ ಮುಂದಿನದನ್ನು ವಿವರಿಸುತ್ತವೆ. ಸ್ಥಾನಿಕರ ಸಾಲವನ್ನು ತಾವೇ ತೀರಿಸುವುದಾಗಿ ಒಡೆಯರು ಹೇಳಿದರು. ಆಗ ವರ್ತಕರು, ತಂದೆತಾಯಿಗಳಿಗೆ ಪುಣ್ಯವಾಗಲೆಂದು ತಾವೇ ಸಾಲವನ್ನು ಬಿಟ್ಟುಕೊಡುವುದಾಗಿ ಬಿನ್ನವಿಸಿದರು. ಗೊಮ್ಮಟಸ್ವಾಮಿಯ ಮತ್ತು ಗುರುಗಳಾದ ಚಾರುಕೀರ್ತಿ ಪಂಡಿತದೇವರ ಸನ್ನಿಧಿಯಲ್ಲಿ ಅಡವಿನ ಪತ್ರಗಳು ಧಾರಾಪೂರ್ವಕವಾಗಿ ಮರಳಿ ಸಂದವು. ಮುಂದೆ ದೇವರ ಭೂಮಿಯನ್ನು ಅಡವಿಟ್ಟವರೂ ಅಡವು ಹಿಡಿದವರೂ ಸಮಾನವಾಗಿ ದೋಷಿಗಳೆಂಬ ನಿರ್ಬಂಧವೂ ಬಂದಿತು.

ಈ ಘಟನೆಯಲ್ಲಿ ಒಡೆಯರ ಔದಾರ್ಯ ಸಹಜವಾಗಿಯೇ ಎದ್ದು ಕಾಣುತ್ತದೆ. ಆದರೆ ನಿಧಿನಿರ್ವಹಣೆಯ ಇತಿಹಾಸದಲ್ಲಿ ಅದಕ್ಕಿಂತ ಮುಖ್ಯವಾದ ಎರಡು ಅಂಶಗಳಿವೆ. ಮೊದಲನೆಯದು, ಹೊಸ ನಿರ್ಬಂಧವು ಅಡವಿಟ್ಟವನ ಜೊತೆಗೆ ಅಡವು ಹಿಡಿದವನನ್ನೂ ಸೇರಿಸಿಕೊಂಡಿದೆ. ಹಿಂದಿನ ಪೂಜಾಕಾರಿಗಳ ಒಡಂಬಡಿಕೆ ಭೂಮಿಯನ್ನು ಕೊಡುವ ಕೈಯನ್ನು ಮಾತ್ರ ಕಟ್ಟಿತ್ತು, ತೆಗೆದುಕೊಳ್ಳುವ ಕೈಯನ್ನು ಬಿಟ್ಟಿತ್ತು. ಅನುಭವದಿಂದ ಆ ಲೋಪ ಈಗ ಸರಿಯಾಯಿತು. ಎರಡನೆಯದು, ಬಿಡುಗಡೆಯ ಕಾರ್ಯ ಅರಸನ ಆಜ್ಞೆಯಾಗಿ ಉಳಿಯದೆ ವರ್ತಕರ ದಾನವಾಗಿ ದಾಖಲಾಯಿತು. ಕಿತ್ತುಕೊಂಡಿದ್ದರೆ ವರ್ತಕರು ಸೋತವರಾಗುತ್ತಿದ್ದರು, ಬಿಟ್ಟುಕೊಟ್ಟುದರಿಂದ ದಾನಿಗಳಾದರು. ದಾನಿಯಾದವನು ದತ್ತಿಯ ಕಾವಲುಗಾರನೂ ಆಗುತ್ತಾನೆ.

ಊರಿಗೆ ಸಂದದ್ದು

ದತ್ತಿಗಳ ಫಲ ಬಸದಿಯ ಬಾಗಿಲೊಳಗೇ ಮುಗಿಯಲಿಲ್ಲ. ಮಾಲೆಗಾರ, ಹಾಲು ಒದಗಿಸುವವನು, ವಾದ್ಯದವರು, ಕಾವಲಿನ ಆಳುಗಳು, ಗಾರೆ ಕೆಲಸದವರು, ಕಲ್ಲುಕುಟಿಗರು ಹೀಗೆ ಊರಿನ ಎಷ್ಟೋ ಮನೆಗಳು ಈ ಆದಾಯವನ್ನು ನೆಚ್ಚಿದ್ದವು. ಜೈನಧರ್ಮ ಹೇಳುವ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಮೊದಲನೆಯದಕ್ಕೆ ಬೆಳಗೊಳದಲ್ಲಿ ದಾನಶಾಲೆಯೇ ನೆಲೆಯಾಯಿತು. ಚಿಕ್ಕದೇವರಾಜರು ಯುವರಾಜರಾಗಿದ್ದಾಗ ಬೆಳಗೊಳಕ್ಕೆ ಬಂದು ದಾನಶಾಲೆಯನ್ನು ನೋಡಿ, ದೊಡ್ಡದೇವರಾಜ ಒಡೆಯರಿಂದ ಮದನೆಯ ಗ್ರಾಮವನ್ನು ಅದಕ್ಕೆ ಕೊಡಿಸಿದರೆಂದು ‘ಮುನಿವಂಶಾಭ್ಯುದಯ’ದಲ್ಲಿದೆ. ಊರಿನ ನಡುವಣ ಕಲ್ಯಾಣಿಯ ಕೆಲಸವನ್ನು ಚಿಕ್ಕದೇವರಾಜರು ಆರಂಭಿಸಿದರು. ಅದು ಮುಗಿಯುವ ಮೊದಲೇ ಅವರು ತೀರಿಕೊಂಡರು. ಟಂಕಶಾಲೆಯ ಅಧಿಕಾರಿ ಅಣ್ಣಯ್ಯನು ಕೃಷ್ಣರಾಜ ಒಡೆಯರ ಕಾಲದಲ್ಲಿ ಅದನ್ನು ಪೂರ್ಣಗೊಳಿಸಿದನೆಂದು ಅನಂತ ಕವಿ ಹೇಳುತ್ತಾನೆ. 1723ರಲ್ಲಿ ಅದೇ ಕೃಷ್ಣರಾಜ ಒಡೆಯರು ಗೊಮ್ಮಟನ ಪೂಜೆಗೆ ಹಲವು ಗ್ರಾಮಗಳನ್ನು ಬಿಟ್ಟಾಗ, ಕಲ್ಯಾಣಿಯ ಬಳಿಯ ದಾನಶಾಲೆಗೆಂದು ಕಬ್ಬಾಳು ಗ್ರಾಮವನ್ನು ಪ್ರತ್ಯೇಕವಾಗಿ ಹೆಸರಿಸಿದರು. ಪೂಜೆಯ ಖಾತೆಯೂ ಅನ್ನದಾನದ ಖಾತೆಯೂ ಬೇರೆಬೇರೆಯಾಗಿ ಉಳಿದುದರಿಂದ ಒಂದರ ಕೊರತೆಗೆ ಇನ್ನೊಂದನ್ನು ಕರಗಿಸುವ ಅವಕಾಶ ತಪ್ಪಿತು. 19ನೆಯ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿಯೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೂ ಮಠಕ್ಕೆ ಸನ್ನದುಗಳು ಸಂದವು.

ಆದರೆ ಈ ದಾಖಲೆಗಳು ಮೌನವಾಗಿರುವ ಒಂದು ಕಡೆಯೂ ಇದೆ. ದತ್ತಿಯಾಗಿ ಬಿಟ್ಟ ಗ್ರಾಮದ ಗದ್ದೆಯನ್ನು ಉತ್ತವರ, ಬೆದ್ದಲನ್ನು ಬಿತ್ತಿದವರ ಹೆಸರುಗಳು ಇಲ್ಲಿಲ್ಲ. ಅರಸನಿಗೆ ಸಲ್ಲುತ್ತಿದ್ದ ಪಾಲು ಬಸದಿಗೆ ಸಂದಿತೇ ಹೊರತು ಒಕ್ಕಲಿನ ಹೊರೆ ಇಳಿಯಿತೆಂದು ಯಾವ ದತ್ತಿಯೂ ಹೇಳುವುದಿಲ್ಲ. ಅಕ್ಷಯ ಭಂಡಾರದ ನಿಜವಾದ ಮೂಲಧನ ಅವರ ದುಡಿಮೆ ಎಂಬುದನ್ನು ಶಾಸನಗಳ ಓದುಗರು ಮರೆಯಬಾರದು.

ಕೊಡುವುದಕ್ಕಿಂತ ಕಾಯುವುದು ಹಿರಿದೆಂಬ ಆಶಯದ ಶ್ಲೋಕವು ದಾನಶಾಸನಗಳ ಕೊನೆಯಲ್ಲಿ ರೂಢಿಯಾಗಿ ಬರುತ್ತದೆ. ರೂಢಿಯೆಂಬ ಕಾರಣಕ್ಕೆ ಅದನ್ನು ದಾಟಿ ಮುಂದೆ ಹೋಗುವುದೇ ಓದುಗರ ಅಭ್ಯಾಸ. ಬೆಳಗೊಳದ ದತ್ತಿಗಳ ಇತಿಹಾಸ ಆ ಸೂತ್ರಕ್ಕೆ ಬರೆದ ವ್ಯಾಖ್ಯಾನದಂತಿದೆ. ‘ಅಕ್ಷಯ’ ಎಂಬುದು ಹೊನ್ನಿನ ಗುಣವಲ್ಲ. ಹೊನ್ನು ಕರಗಿತು, ಭೂಮಿ ಅಡವು ಬಿದ್ದಿತು, ಕಲ್ಲಿನ ಶಾಪ ಯಾರನ್ನೂ ತಡೆಯಲಿಲ್ಲ. ನೂರಕ್ಕೆ ಒಂದನ್ನು ಕೊಡಲು ಒಪ್ಪಿದ ವರ್ತಕರು, ಪಡಿಯನ್ನು ಕುಂದಿಸುವುದಿಲ್ಲವೆಂದ ಪೂಜಾಕಾರಿಗಳು, ಅರಸನಿಗೆ ಬಿನ್ನವಿಸಿದ ಬುಸುವಿಸೆಟ್ಟಿ, ಸಾಲವನ್ನು ಬಿಟ್ಟುಕೊಟ್ಟ ಅಡವುಗಾರರು ಹೀಗೆ ಪ್ರತಿ ತಲೆಮಾರಿನಲ್ಲಿಯೂ ಯಾರೋ ಹೊಸದಾಗಿ ಒಡಂಬಟ್ಟಾಗ ಮಾತ್ರ ಭಂಡಾರ ಅಕ್ಷಯವಾಗಿ ಉಳಿಯಿತು. ಅಂತಹವರು ಇಲ್ಲದ ಕಾಲದಲ್ಲಿ ಅದು ಬರಿಯ ಬರಹವಾಯಿತು. ದೇವಸ್ಥಾನವಾಗಲಿ, ವಿದ್ಯಾಸಂಸ್ಥೆಯಾಗಲಿ, ಊರಿನ ಯಾವುದೇ ಧರ್ಮನಿಧಿಯಾಗಲಿ, ಇಂದು ಅದರ ಲೆಕ್ಕಪತ್ರವನ್ನು ಕೈಗೆತ್ತಿಕೊಳ್ಳುವವರಿಗೆ ನಗರ ಜಿನಾಲಯದ ಆ ಎರಡು ಕಿರುಬರಹಗಳು ಈಗಲೂ ಒಳ್ಳೆಯ ಮೇಲ್ಪಂಕ್ತಿ.